ಎಂ5 ಮತ್ತೆ ಅದರ ಮೂರು ಗೇರ್‌ಬಾಕ್ಸ್

ಕ್ಲಚ್ ಪೆಡಲ್ ಇಲ್ಲದ ಮ್ಯಾನ್ಯುವಲ್ ಚೆನ್ನಾಗಿರುತ್ತಾ ಆಟೋಮ್ಯಾಟಿಕ್ ಚೆನ್ನಾಗಿರುತ್ತಾ ಅನ್ನೋ ವಾದಕ್ಕೆ ಬಿಎಂಡಬ್ಲ್ಯೂದ ಸ್ಪೀಡ್ ಸೆಡಾನ್ ಎಂ5 ಒಂದನ್ನ ನೋಡಿದ್ರೂ ಸಾಕು. 2005ರ ಇ60ರಲ್ಲಿ (ಇ60, ಎಫ್10, ಎಫ್90 ಅಂದ್ರೆ ಎಂ5ದೇ ಬೇರೆ ಬೇರೆ ತಲೆಮಾರಿನ ಕೋಡ್ ಹೆಸರು) 5 ಲೀಟರ್‌ನ ಹತ್ತು ಸಿಲಿಂಡರ್ ವಿ10 ಇಂಜಿನ್, 507 ಹಾರ್ಸ್‌ಪವರ್, ಜೊತೆಗೆ 7 ಸ್ಪೀಡ್ ಎಸ್‌ಎಂಜಿ, ಅಂದ್ರೆ ಸೀಕ್ವೆನ್ಷಿಯಲ್ ಮ್ಯಾನ್ಯುವಲ್ ಗೇರ್‌ಬಾಕ್ಸ್. ಒಳಗಿರೋದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು ಗೇರ್ ಹಾಕೋದು ಮಾತ್ರ ಹೈಡ್ರಾಲಿಕ್ಸ್ ಕೆಲಸ. ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋಗುವಾಗ ಒಂದರಿಂದ ಎರಡಕ್ಕೆ ಬೀಳೋ ಹೊತ್ತಿಗೆ ಪವರ್ ಕಟ್ ಆಗಿ ತಲೆ ಮುಂದಕ್ಕೆ ವಾಲುತ್ತೆ, ಆದ್ರೆ ಅದೇ 8000 ಆರ್‌ಪಿಎಂ ಹತ್ರ ಸ್ಟೀರಿಂಗ್ ಹಿಂದಿರೋ ಗೇರ್ ಪ್ಯಾಡಲ್ ಎಳೆದ್ರೆ ಬೆನ್ನಿಗೆ ಗುದ್ದಿದ ಹಾಗೆ ಮುಂದಿನ ಗೇರ್ ಕೂರುತ್ತೆ, ಆ ಕ್ಷಣ ಮೆಷಿನ್ ಏನು ಮಾಡ್ತಿದೆ ಅಂತ ಮೈಗೇ ಗೊತ್ತಾಗುತ್ತೆ.

2011ರ ಎಫ್10ಕ್ಕೆ ಎರಡು ಕ್ಲಚ್ ಇರೋ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಂತು, ಮುಂದಿನ ಗೇರ್ ಮೊದಲೇ ರೆಡಿ ಇರೋದ್ರಿಂದ ಗ್ಯಾಪೇ ಇಲ್ಲ. ಸರಿ ಇನ್ನು ಇದೇ ಕೊನೆ ಅಂದ್ಕೊಂಡ್ರೆ 2017ರ ಎಫ್90ರಲ್ಲಿ ಬಿಎಂಡಬ್ಲ್ಯೂದವರು 8 ಸ್ಪೀಡ್ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸೋ ಭಾಗ) ಆಟೋಮ್ಯಾಟಿಕ್‌ಗೇ ಹೋದ್ರು! ಹಳೇ ಆಟೋಮ್ಯಾಟಿಕ್ ಥರ ಎಳೆದಾಡಲ್ಲ ಇದು, ಕಾರು ಹೊರಟ ಮೇಲೆ ಕನ್ವರ್ಟರ್ ಲಾಕ್ ಆಗಿ ಇಂಜಿನ್ನು ಗೇರ್‌ಬಾಕ್ಸು ನೇರ ಜೋಡಿಯಾಗಿಬಿಡುತ್ತೆ. ಸೊನ್ನೆಯಿಂದ 100ಕ್ಕೆ ಇ60 ತಗೊಳ್ತಿದ್ದಿದ್ದು 4.7 ಸೆಕೆಂಡ್, ಇದಕ್ಕೆ 3.4. ಇಂಜಿನ್ನು, ಆಲ್ ವೀಲ್ ಡ್ರೈವು ಎರಡರ ಪಾಲೂ ಅದರಲ್ಲಿದೆ ಬಿಡಿ, ಆದ್ರೂ ಗೇರ್‌ಬಾಕ್ಸ್ ಅಡ್ಡ ಬಂದಿಲ್ಲ ಅನ್ನೋದಂತೂ ನಿಜ.

ದಿನಾ ಓಡಿಸೋಕೆ ಆಟೋಮ್ಯಾಟಿಕ್ಕೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಭಾನುವಾರ ಬೆಳಗ್ಗೆ ಖಾಲಿ ಘಾಟಿ ರಸ್ತೆ ಸಿಕ್ಕಿ, ಯಾರಾದ್ರೂ ಎರಡೂ ಕೀ ಮುಂದಿಟ್ರೆ ನಾನು ಇ60ದನ್ನೇ ಎತ್ಕೊಳ್ಳೋದು.