ಒಂದು ಗೇಣು ದಾರ

ಕೆಳಗಿನ ಕೋಣೆಯ ಬಚ್ಚಲಿನಲ್ಲಿ ಇವತ್ತು ನಾತವಿಲ್ಲ. ಇದನ್ನು ಬರೆಯಲು ಕೂರುವ ಮುನ್ನ ಮೂರು ಸಲ ಹೋಗಿ, ಬಾಗಿಲು ತೆರೆದು, ಮೂಸಿ ನೋಡಿ ಬಂದಿದ್ದೇನೆ. ಹನ್ನೊಂದು ದಿನ ಕಾಡಿದ ಪೀಡೆ ತೊಲಗಿತು.

ಉಳಿದ ಕೆಲಸ ಬಹುತೇಕ ಆಗಿದೆ. ವೈರಿಂಗ್ ಮುಗಿದಿದೆ, ಎರಡನೆಯ ಸಲದ ಬಣ್ಣ ಒಣಗಿದೆ, ಹೊಗೆ ಎಚ್ಚರಿಕೆಯ ಯಂತ್ರಗಳು ಚಾವಣಿ ಸೇರಿವೆ. ಮಂಚಗಳು ಬಂದಿವೆ, ಪರದೆಗಳು ಬರಬೇಕು. ಮನೆಯ ಹಿಂಬದಿಯ ಮೇಲೊಂದು ಕೆಳಗೊಂದು ಕೋಣೆಯನ್ನು ಅತಿಥಿಗಳಿಗೆ ಸಿದ್ಧಪಡಿಸುವ ಈ ಕೆಲಸದಲ್ಲಿ ಕಾಲು ಹಿಡಿದು ನಿಲ್ಲಿಸಿದ್ದು ಅಂಗೈಯಗಲದ ಒಂದು ಫ್ಲೋರ್ ಟ್ರ್ಯಾಪ್, ಅಂದರೆ ಬಚ್ಚಲ ನೀರು ಹೊರಹೋಗುವ ತೂತಿನ ಕೆಳಗೆ ಸ್ವಲ್ಪ ನೀರು ಹಿಡಿದಿಟ್ಟು ಚರಂಡಿಯ ಗಾಳಿಯನ್ನು ತಡೆಯುವ ಬಟ್ಟಲು.

ಟ್ರ್ಯಾಪ್‌ಗೆ ಒಂದು ತಂಬಿಗೆ ನೀರು ಸುರಿದರೆ ನಾತ ನಿಲ್ಲುತ್ತಿತ್ತು. ಕೋಣೆ ಮುಚ್ಚಿಟ್ಟು ಮೂರನೆಯ ಬೆಳಗ್ಗೆ ತೆರೆದರೆ ಮತ್ತೆ ಕೊಳೆತ ಮೊಟ್ಟೆಯ ವಾಸನೆ. ದಿನವೂ ಯಾರಾದರೂ ಸ್ನಾನ ಮಾಡುವ ಮನೆಯಲ್ಲಿ ಈ ದೋಷ ವರ್ಷಗಟ್ಟಲೆ ಅಡಗಿ ಕೂರಬಲ್ಲದು. ಅತಿಥಿಗಳ ಕೋಣೆ ಹಾಗಲ್ಲ, ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ದಿನಗಟ್ಟಲೆ ಖಾಲಿ ಬೀಳುತ್ತದೆ. ಅಲ್ಲದೆ ಒಳಗೇ ಕೆಲಸ ಮಾಡುವವರ ಮೂಗು ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಬೇಗ ಮರಗಟ್ಟುತ್ತದೆ, ಪ್ರಯಾಣ ಮುಗಿಸಿ ಬಂದು ಬಾಗಿಲು ತೆರೆಯುವವರ ಮೂಗು ಎಚ್ಚರವಾಗಿರುತ್ತದೆ. ಹಾಗಾಗಿ ಪ್ರತಿ ಪರೀಕ್ಷೆಗೂ ಮುನ್ನ ಅಂಗಳದಲ್ಲಿ ಹತ್ತು ನಿಮಿಷ ನಿಂತು, ಒಳಗೆ ಬಂದಾಗಿನ ಮೊದಲ ಉಸಿರನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ.

ಮೊದಲು ಸಂಶಯ ಬಂದದ್ದು ಆವಿಯ ಮೇಲೆ. ಟ್ರ್ಯಾಪ್‌ನಲ್ಲಿ 50 ಮಿಲಿಮೀಟರ್ ನೀರು ನಿಲ್ಲುತ್ತದೆ, ಒಣಗಿದರೆ ಚರಂಡಿಯ ಗಾಳಿಗೆ ದಾರಿ ಬಿಟ್ಟಂತೆ. ಆದರೆ ಮುಚ್ಚಿದ ಬಚ್ಚಲಿನಲ್ಲಿ ಎರಡೇ ದಿನದಲ್ಲಿ ಅಷ್ಟು ನೀರು ಆರುತ್ತದೆಯೇ? ಪಕ್ಕದಲ್ಲೇ ಒಂದು ಮಗ್ಗು ನೀರಿಟ್ಟು ಒಳಗೆ ಗೆರೆ ಎಳೆದೆ. ಎರಡು ದಿನಗಳ ನಂತರ ಮಗ್ಗಿನಲ್ಲಿ ಇಳಿದದ್ದು 3 ಮಿಲಿಮೀಟರ್. ಟ್ರ್ಯಾಪ್‌ನ ನೀರು ತಳ ಕಂಡಿತ್ತು.

ಎರಡನೆಯ ಸಂಶಯ ಮೇಲಿನ ಕೋಣೆಯ ಫ್ಲಶ್ ಮೇಲೆ. ಎರಡೂ ಬಚ್ಚಲುಗಳ ನೀರು ಒಂದೇ ನಿಲುಗೊಳವೆಗೆ ಸೇರುತ್ತದೆ. ಮೇಲಿನಿಂದ ರಭಸವಾಗಿ ಇಳಿಯುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆಯುತ್ತದೆ, ಚಾವಣಿಯ ಮೇಲೆ ಬಾಯಿ ತೆರೆದಿರುವ ವೆಂಟ್ ಪೈಪಿನಿಂದ ಗಾಳಿ ಸಿಗದಿದ್ದರೆ ಕೆಳಗಿನ ಟ್ರ್ಯಾಪ್‌ನ ನೀರನ್ನೇ ಹೀರುತ್ತದೆ. ಮಹಡಿ ಹತ್ತಿ ನೋಡಿದರೆ, ಚಾವಣಿಗೆ ನೀರು ಸೋರದಂತೆ ಲೇಪ ಹಚ್ಚಿದವರು ವೆಂಟ್‌ನ ಬಾಯಿಗೂ ಅಚ್ಚುಕಟ್ಟಾಗಿ ಲೇಪ ಬಳಿದು ಹೋಗಿದ್ದರು! ಅದನ್ನು ಕೆತ್ತಿ ತೆಗೆದು, ಜಾಲರಿಯ ಟೋಪಿ ಹಾಕಿದೆ. ಹತ್ತು ಸಲ ಫ್ಲಶ್ ಮಾಡಿಸಿ ಅಳತೆಪಟ್ಟಿ ಇಟ್ಟು ನೋಡಿದೆ, ನೀರು ಅಲುಗಲಿಲ್ಲ. ಗೆದ್ದೆನೆಂದು ಹಿಗ್ಗಿದೆ. ಮೂರನೆಯ ಬೆಳಗ್ಗೆ ಅದೇ ನಾತ.

ಪ್ಲಂಬರ್‌ಗೆ ಹೇಳಿದಾಗ ಟ್ರ್ಯಾಪ್ ಸೀಳಿರಬೇಕು, ನೆಲ ಒಡೆಯೋಣ ಎಂದರು. ಆ ನೆಲಕ್ಕೆ ಟೈಲ್ ಕೂರಿಸಲು ನಾನು ಎರಡು ವಾರ ಮೊಣಕಾಲೂರಿದ್ದೇನೆ. ಒಡೆಯುವ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. ಒಂದು ರಾತ್ರಿ ಸಮಯ ಕೊಡಿ ಎಂದು ಕೇಳಿಕೊಂಡು, ಹೊರಗಿನ ಚೇಂಬರ್‌ನಲ್ಲಿ ಪೈಪಿನ ಬಾಯಿಗೆ ರಬ್ಬರ್ ಪ್ಲಗ್ ಬಿಗಿದೆ. ಮೇಲಿನ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಪೈಪೂ ತುಂಬಿ ಟ್ರ್ಯಾಪ್‌ನ ಕುತ್ತಿಗೆಯವರೆಗೆ ಬರುವಷ್ಟು ನೀರು ಸುರಿದೆ. ಬೆಳಗ್ಗೆ ನೀರು ಹಾಕಿದ ಗುರುತಿನಲ್ಲೇ ಇತ್ತು. ಟ್ರ್ಯಾಪೂ ಗಟ್ಟಿ, ಪೈಪೂ ಗಟ್ಟಿ. ಆವಿಯಾಗದೆ, ಸೋರದೆ, ಎಳೆತಕ್ಕೂ ಸಿಗದೆ ನೀರು ಹೋಗುತ್ತಿದೆ ಎಂದರೆ, ಅದು ಟ್ರ್ಯಾಪ್‌ನ ಒಳಅಂಚನ್ನು ಹತ್ತಿ ಆಚೆ ಇಳಿಯುತ್ತಿರಬೇಕು. ಹತ್ತಲು ಏಣಿ ಯಾವುದು?

ಟಾರ್ಚ್ ಮತ್ತು ಪುಟ್ಟ ಕನ್ನಡಿ ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದೆ. ಪೈಪ್ ಕತ್ತರಿಸುವಾಗ ಉಳಿದಿದ್ದ ಚೂಪು ಅಂಚಿಗೆ ಏನೋ ಸಿಕ್ಕಿಕೊಂಡಿತ್ತು. ಕೊಕ್ಕೆ ತಂತಿ ಹಾಕಿ ಎಳೆದರೆ ಬಂದದ್ದು ನೆಲ ಒರೆಸುವ ಮಾಪ್‌ನ ಹತ್ತಿದಾರ, ಒಂದು ಗೇಣು ಉದ್ದ. ಒಂದು ತುದಿ ನೀರಿನಲ್ಲಿ ಮುಳುಗಿತ್ತು, ಇನ್ನೊಂದು ಆಚೆ ಪೈಪಿನೊಳಗೆ ಜೋತುಬಿದ್ದಿತ್ತು. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಇದು ನೀರನ್ನು ಅಂಚಿನವರೆಗೆ ಏರಿಸಿ, ಆಚೆ ಬದಿಗೆ ಹನಿಹನಿಯಾಗಿ ಇಳಿಸುತ್ತಿತ್ತು. ರಾತ್ರಿಯಿಡೀ, ಸದ್ದಿಲ್ಲದೆ. ನಂಬಿಕೆ ಬಾರದಿದ್ದರೆ ಎತ್ತರದಲ್ಲೊಂದು ತಗ್ಗಿನಲ್ಲೊಂದು ಲೋಟವಿಟ್ಟು ನಡುವೆ ಒದ್ದೆ ದಾರ ಇಳಿಬಿಟ್ಟು ನೋಡಿ. ನಾನು ಆ ದಾರವನ್ನೇ ತೊಳೆದು ಹಾಗೆ ಮಾಡಿ ನೋಡಿದೆ, ಸಂಜೆಯೊಳಗೆ ಕೆಳಗಿನ ಲೋಟದಲ್ಲಿ ನೀರು ನಿಂತಿತ್ತು. ಅಷ್ಟು ಖುಷಿ ಈ ಮನೆಯ ಮೊದಲ ದೀಪ ಹೊತ್ತಿದಾಗಲೂ ಆಗಿರಲಿಲ್ಲ.

ಚೂಪು ಅಂಚನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿದ್ದೇನೆ. ದಾರದ ಮಾಪ್ ಇನ್ನು ಆ ಕೋಣೆಗಳಿಗೆ ಕಾಲಿಡುವುದಿಲ್ಲ, ಅಂಚು ಹೊಲಿದ ಚಪ್ಪಟೆ ಬಟ್ಟೆಯದ್ದನ್ನು ತಂದಿದ್ದೇನೆ. ಜಾಲರಿಯ ಕೆಳಗೆ ಎತ್ತಿ ತೊಳೆಯಬಹುದಾದ ಸೋಸು ಬಟ್ಟಲು ಕೂರಿಸಿದೆ. ಕೋಣೆ ಹೆಚ್ಚು ದಿನ ಖಾಲಿ ಇರುವುದಾದರೆ ಕೊನೆಗೆ ಟ್ರ್ಯಾಪ್ ತುಂಬಿಸಿ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕುವುದು, ನೀರಿನ ಮೇಲೆ ಪದರ ನಿಂತು ಆವಿಯಾಗುವುದು ನಿಧಾನವಾಗುತ್ತದೆ.

ನೀರೇ ಬೇಡದ ಸಿಲಿಕೋನ್ ಕವಾಟವನ್ನೂ ತರಿಸಲು ಹೊರಟಿದ್ದೆ. 100 ಮಿಲಿಮೀಟರಿನದು ಬೇಕೆಂದು ಬರೆದು, ಫೋನಿನಲ್ಲಿ ಹೇಳಿ, ಚಿತ್ರವನ್ನೂ ಕಳುಹಿಸಿದರೂ ಎರಡು ಸಲವೂ ಬಂದದ್ದು 75ರದು. ಎರಡನೆಯ ಸಲ ಪೆಟ್ಟಿಗೆಯ ಮೇಲೆ 100 ಎಂದೇ ಅಚ್ಚಾಗಿತ್ತು! ಮಾರುವವರ ಬಳಿ ಒಂದು ಅಳತೆಪಟ್ಟಿಯಾದರೂ ಇರಬೇಡವೇ? ಸರಿಯಾದದ್ದೇ ಬಂದಿದ್ದರೂ ದಾರ ಆ ಕವಾಟದ ತುಟಿಗೆ ಸಿಕ್ಕಿ ಅದನ್ನು ಮುಚ್ಚಗೊಡುತ್ತಿರಲಿಲ್ಲ.

ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದಾಗ ಇನ್ನೊಂದು ಕಂಡಿತು. ಕೋಣೆಯ ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದು, ಅದರಿಂದ ಮೆಟ್ಟಿಲ ಮೇಲಿನ ಮಾತು ಒಂದೊಂದು ಪದವಾಗಿ ಕೇಳುತ್ತಿತ್ತು. ಗೋಡೆಗೆ ಸ್ಪಂಜು ಅಂಟಿಸಿ ಎಂದು ಹಲವರು ಹೇಳಿದ್ದರು. ಸ್ಪಂಜು ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸುತ್ತದೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅದಕ್ಕೆ ತೂಕ ಬೇಕು, ಸಂದು ಮುಚ್ಚಬೇಕು. ಬಾಗಿಲು ಹಾಕಿದಾಗ ತಾನಾಗಿ ಕೆಳಗಿಳಿಯುವ ರಬ್ಬರ್ ಪಟ್ಟಿ ಸಿಗುತ್ತದೆ. ಚೌಕಟ್ಟಿನ ಸುತ್ತಳತೆ ಬರೆದುಕೊಂಡಿದ್ದೇನೆ, ಈ ಸಲ ಅಂಗಡಿಗೆ ಅಳತೆಪಟ್ಟಿ ಹಿಡಿದು ನಾನೇ ಹೋಗುತ್ತೇನೆ.

ಮಗ್ಗು ಇನ್ನೂ ಬಚ್ಚಲಿನಲ್ಲೇ ಇದೆ. ದಾರ ತೆಗೆದು ಮಗ್ಗಿಗೂ ಟ್ರ್ಯಾಪ್‌ಗೂ ಮತ್ತೆ ನೀರು ತುಂಬಿದ ನಾಲ್ಕನೆಯ ದಿನವಾದ ಇವತ್ತು ಅದರಲ್ಲಿ ಇಳಿದದ್ದು 6 ಮಿಲಿಮೀಟರ್, ಟ್ರ್ಯಾಪ್‌ನಲ್ಲಿಯೂ 6.