ಬಳ್ಳಾರಿ ಬಿಸಿಲಿನಿಂದ ನಾರಿಹಳ್ಳದ ದಂಡೆಗೆ

ಬೇಸಿಗೆ ರಜೆಗೆ ಎಲ್ಲಿಗೆ ಹೋಗೋದು ಅನ್ನೋ ಮಾತು ನಮ್ಮ ಮನೆಯಲ್ಲಿ ಪ್ರತಿ ವರ್ಷ ಊಟಿಯಿಂದಲೇ ಶುರುವಾಗುತ್ತದೆ. ಆಮೇಲೆ ಕೊಡೈಕೆನಾಲ್, ಮಡಿಕೇರಿ, ಚಿಕ್ಕಮಗಳೂರು. ರೂಮಿನ ಬಾಡಿಗೆ, ರೈಲು ಟಿಕೆಟ್, ಅತ್ತೆಯವರ ಮೊಣಕಾಲು ನೋವು ಎಲ್ಲಾ ಲೆಕ್ಕ ಹಾಕುವಷ್ಟರಲ್ಲಿ ಶಾಲೆ ಶುರುವಾಗುವ ದಿನ ಬಂದಿರುತ್ತದೆ. ಈ ಸಲ ನಾದಿನಿ ಫೋನ್ ಮಾಡಿ, "ಅತ್ತಿಗಿ, ಊಟಿ ಗೀಟಿ ಬಿಡ್ರಿ. ಅವ್ವನ್ನ, ಹುಡುಗ್ರನ್ನ ಕರ್ಕೊಂಡು ಸೀದಾ ಸಂಡೂರಿಗೆ ಬರ್ರಿ. ಗುಡ್ಡಾನೂ ಐತಿ, ನೀರೂ ಐತಿ, ನಮ್ಮನೀನೂ ಐತಿ" ಅಂದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಬಳ್ಳಾರಿಯಿಂದ ಸಂಡೂರು ಸುಮಾರು 60 ಕಿಲೋಮೀಟರ್. ನಮ್ಮದೇ ಜಿಲ್ಲೆ, ಪಕ್ಕದ ತಾಲ್ಲೂಕು. ಆದರೂ ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ಸಂಡೂರು ಅಂದ್ರೆ ಮೈನ್ಸು, ಲಾರಿ, ಕೆಂಪು ಧೂಳು, ಅಷ್ಟೇ. ಮದುವೆಗೋ ಮುಂಜಿಗೋ ಹೋಗಿ ಊಟ ಮಾಡಿ ವಾಪಸ್ ಬರುತ್ತಾರೆ. ಆ ಗುಡ್ಡಗಳ ನಡುವೆ ನಾರಿಹಳ್ಳದ ಡ್ಯಾಮ್ ಇದೆ, ಸುತ್ತ ಕಾಡಿದೆ, ಬೆಟ್ಟದ ಮೇಲೆ ಸಾವಿರ ವರ್ಷಕ್ಕೂ ಹಳೆಯ ದೇವಸ್ಥಾನ ಇದೆ ಅಂತ ಹೇಳಿದರೆ, ಹೌದಾ ಅಂತ ನಮ್ಮ ಮುಖ ನೋಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬಿಸಿಲು ಏರುವ ಮೊದಲೇ ದಾರಿ ಕಳೆಯಬೇಕು ಅಂತ ಕತ್ತಲಿರುವಾಗಲೇ ಹೊರಟೆವು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಹೀಗೆ ಬುತ್ತಿ ಕಟ್ಟಿಕೊಂಡಿದ್ದೆವು. ಕುಡುತಿನಿ ಹತ್ತಿರ ಥರ್ಮಲ್ ಪವರ್ ಸ್ಟೇಷನ್ನಿನ ಚಿಮಣಿಗಳು, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ದೀಪಗಳು. ಅಲ್ಲಿಂದ ಸಂಡೂರು ರಸ್ತೆಗೆ ತಿರುಗಿದರೆ ಅದಿರಿನ ಲಾರಿಗಳ ಸಾಲು. ರಸ್ತೆ ಬದಿಯ ಜಾಲಿಗಿಡ, ಬೇವಿನ ಮರ, ಅಂಗಡಿಯ ತಗಡು, ಮೈಲುಗಲ್ಲು ಎಲ್ಲಾ ಒಂದೇ ಕೆಂಪು. ಮಗಳು ಕಿಟಕಿ ಏರಿಸಿಕೊಂಡು, "ಅಮ್ಮ, ಇಲ್ಲಿ ಎಲೆ ಹಸಿರು ಇರೋದೇ ಇಲ್ವಾ?" ಅಂತ ಕೇಳಿದಳು.

ಇನ್ನೂ ಸ್ವಲ್ಪ ಮುಂದೆ ಹೋದರೆ ಎದುರಿಗೆ ಗುಡ್ಡದ ಸಾಲು ಗೋಡೆ ಹಾಗೆ ಅಡ್ಡ ನಿಲ್ಲುತ್ತದೆ. ಸಂಡೂರು ಇರುವುದು ಇಂಥ ಎರಡು ಸಾಲುಗಳ ನಡುವೆ, ಉದ್ದನೆಯ ಕಣಿವೆಯಲ್ಲಿ. ನಾರಿಹಳ್ಳ ಪಶ್ಚಿಮದ ಸಾಲನ್ನು ಓಬಳಗಂಡಿಯಲ್ಲಿ ಸೀಳಿಕೊಂಡು ಒಳಗೆ ಬರುತ್ತದೆ, ಕಣಿವೆ ದಾಟಿ ಪೂರ್ವದ ಸಾಲನ್ನು ಭೀಮಗಂಡಿಯಲ್ಲಿ ಸೀಳಿಕೊಂಡು ದರೋಜಿ ಕೆರೆ ಕಡೆ ಹೋಗುತ್ತದೆ. ಗಂಡಿ ಅಂದ್ರೆ ಗುಡ್ಡದ ನಡುವಿನ ಇಕ್ಕಟ್ಟಿನ ದಾರಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಈ ಹಳ್ಳಕ್ಕೇ ತಾರಾನಗರದ ಹತ್ತಿರ ಡ್ಯಾಮ್ ಕಟ್ಟಿದ್ದಾರೆ. ಊರು ಇನ್ನೂ ಮುಂದಿರುವಾಗಲೇ ನೀರು ಕಾಣಿಸಿತು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅತ್ತೆಯವರೇ ಮೊದಲು ನೋಡಿ, "ಏ, ನಿಲ್ಸಪಾ ಗಾಡಿ" ಅಂದರು.

ಮೇ ತಿಂಗಳಾದ್ದರಿಂದ ನೀರು ಕಡಿಮೆ ಇತ್ತು. ದಂಡೆಯಿಂದ ಬಹಳ ದೂರ ಹಿಂದೆ ಸರಿದು, ಮಧ್ಯದಲ್ಲಿ ಮಾತ್ರ ತುಂಬಿಕೊಂಡಿತ್ತು. ಹಿಂದೆ ಸರಿದ ಜಾಗದಲ್ಲಿ ಮಣ್ಣು ಒಣಗಿ ಬಿರಿದಿತ್ತು, ಅದರ ಮೇಲೆ ದನ ಮೇಯಲು ಬರುವ ದಾರಿಗಳು ಮೂಡಿದ್ದವು. ಆದರೂ ಗಾಳಿ ತಂಪಾಗಿತ್ತು. ಬಳ್ಳಾರಿಯಲ್ಲಿ ಬೆಳಗಿನ ಏಳು ಗಂಟೆಗೇ ಫ್ಯಾನ್ ಗಾಳಿ ಬಿಸಿಯಾಗಿರುತ್ತೆ, ಇಲ್ಲಿ ನೀರಿನ ಮೇಲಿಂದ ಬಂದ ಗಾಳಿ ಮುಖಕ್ಕೆ ತಾಗಿ ಮಕ್ಕಳಿಬ್ಬರೂ ಸುಮ್ನೆ ನಿಂತುಬಿಟ್ಟರು. ನಮ್ಮನೆಯಲ್ಲಿ ಅದು ದೊಡ್ಡ ಸಂಗತಿ. ಬೆಳ್ಳಕ್ಕಿಗಳು ಕೆಸರಿನಲ್ಲಿ ಸಾಲಾಗಿ ನಿಂತಿದ್ದವು, ನೀರುಕಾಗೆ ಒಂದು ಒಣಕೊಂಬೆ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು.

ಒಬ್ಬ ಅಜ್ಜ ಹರಿಗೋಲು ದಡಕ್ಕೆ ಎಳೆದು ಮಗುಚಿ ಇಟ್ಟಿದ್ದರು. ತಳಕ್ಕೆ ಹೊಸದಾಗಿ ಡಾಂಬರು ಬಳಿಯುವ ಕೆಲಸ ನಡೆದಿತ್ತು. ಮಗ ಹೋಗಿ ಪಕ್ಕದಲ್ಲೇ ಕೂತ. ಬಿದಿರು ಸೀಳಿ ಬುಟ್ಟಿ ಹಾಗೆ ಹೆಣೆದ ಮೈ, ಅದರ ಮೇಲೆ ಗೊಬ್ಬರದ ಚೀಲಗಳನ್ನು ಬಿಚ್ಚಿ ಜೋಡಿಸಿ ಹೊಲಿದ ಹೊದಿಕೆ, ಅದರ ಮೇಲೆ ಕಾಯಿಸಿದ ಡಾಂಬರು. ಅಜ್ಜ ತೆಂಗಿನ ನಾರಿನ ಕುಂಚದಿಂದ ಹೊಲಿಗೆ ಇದ್ದ ಕಡೆಗೆಲ್ಲಾ ಎರಡೆರಡು ಸಲ ತಿಕ್ಕುತ್ತಿದ್ದರು. "ನೀರು ಬರೋದು ಹೊಲಿಗ್ಯಾಗಿಂದ ಮಗಾ, ಚೀಲದಾಗಿಂದ ಅಲ್ಲ" ಅಂತ ಹೇಳಿಕೊಟ್ಟರು. ಮಗನ ಕೈಗೂ ಕುಂಚ ಕೊಟ್ಟು ಒಂದು ಗೆರೆ ಬಳಿಸಿದರು. ಏನು ಮೀನು ಸಿಗುತ್ತೆ ಅಂದಿದ್ದಕ್ಕೆ ಕಾಟ್ಲಾ, ರೋಹು ಅಂದರು. ಮಕ್ಕಳು ನೀರಿಗಿಳಿಯಲು ಹಟ ಮಾಡಿದಾಗ ನಮಗಿಂತ ಮೊದಲು ಅವರೇ ಗದರಿದರು: "ಇಳೀಬ್ಯಾಡ್ರಿ. ಮ್ಯಾಲೆ ಒಣಗಿದಂಗೆ ಕಾಣ್ತೈತಿ, ಒಳಗ ರಾಡಿ ಐತಿ. ಕಾಲು ಸಿಕ್ಕಂಡ್ರೆ ಬರಂಗಿಲ್ಲ." ಮೊದಲ ಮಳೆಗೆ ಗುಡ್ಡದ ಮೇಲಿನ ಕೆಂಪು ಮಣ್ಣೆಲ್ಲಾ ಹಳ್ಳ ಹಿಡಿದು ಇಲ್ಲಿಗೇ ಬರುತ್ತದಂತೆ, ನೀರು ತಿಳಿಯಾಗಲು ಎಷ್ಟೋ ದಿನ ಬೇಕಂತೆ. ಹಾಗಾಗಿ ದಡದಲ್ಲೇ ಹುಣಸೆಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅಜ್ಜನಿಗೂ ರೊಟ್ಟಿ ಕೊಟ್ಟೆವು. ಎಣ್ಣೆಗಾಯಿಗೆ ಖಾರ ಸಾಲದು ಅಂದರು.

ನಾದಿನಿಯ ಮನೆ ತಲುಪಿದ ಮೇಲೆ ದಿನಗಳು ಹೇಗೆ ಹೋದವೋ. ಮಧ್ಯಾಹ್ನ ಎಲ್ಲರೂ ಮಲಗೋದು, ಸಂಜೆ ಮತ್ತೆ ನೀರಿನ ಕಡೆ ಹೋಗೋದು. ಬೀದಿಯಲ್ಲಿ ಲಂಬಾಣಿ ಹೆಂಗಸರು ಮುತ್ತುಗದ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರಲು ಬರುತ್ತಿದ್ದರು, ಮಕ್ಕಳ ತುಟಿ ನಾಲಿಗೆ ಎಲ್ಲಾ ನೇರಳೆ ಬಣ್ಣ. ಒಂದು ಸಂಜೆ ಸಂಡೂರು ಕುಶಲ ಕಲಾ ಕೇಂದ್ರಕ್ಕೂ ಹೋಗಿದ್ದೆವು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ ಟ್ಯಾಗ್), ಅಂದ್ರೆ ಇದು ಈ ಊರಿನದೇ ಅನ್ನೋ ಮಾನ್ಯತೆ ಸಿಕ್ಕಿದೆ. ಕನ್ನಡಿ ಚೂರು, ಕವಡೆ, ಕೆಂಪು ನೀಲಿ ದಾರ ಹಾಕಿ ಹೊಲಿದ ಒಂದು ಚೀಲ ಕೊಂಡೆ. ಹಿಂಬದಿ ತಿರುಗಿಸಿ ನೋಡಿ, ಅಲ್ಲೂ ಒಂದು ಗಂಟು ಅಡ್ಡಾದಿಡ್ಡಿ ಇಲ್ಲ.

ಓಬಳಗಂಡಿಗೆ ಹೋದದ್ದು ಒಂದು ಬೆಳಿಗ್ಗೆ. ಎರಡೂ ಕಡೆ ಕಡಿದಾದ ಬಂಡೆ, ಕೆಂಪು ಮತ್ತು ನೇರಳೆ ಸೇರಿದ ಬಣ್ಣ, ನಡುವೆ ಹಳ್ಳ. ಬೇಸಿಗೆಯಲ್ಲಿ ಹರಿವು ಅಷ್ಟಿಲ್ಲ, ಅಲ್ಲಲ್ಲಿ ಮಡುವು ನಿಂತಿತ್ತು. ಮಗ ಅಲ್ಲೊಂದು ಕಲ್ಲು ಎತ್ತಿಕೊಂಡ. ಅಂಗೈಯಷ್ಟೇ ದೊಡ್ಡದು, ಆದರೆ ಅದರ ಗಾತ್ರಕ್ಕೆ ಮೀರಿದ ಭಾರ. ನೀರಿನಲ್ಲಿ ತೊಳೆದಾಗ ಗೆರೆಗಳು ಕಂಡವು: ಒಂದು ಕಪ್ಪು, ಒಂದು ಕೆಂಪು, ಮತ್ತೆ ಕಪ್ಪು, ಮತ್ತೆ ಕೆಂಪು, ಕೆಲವು ದಾರದಷ್ಟು ಸಣ್ಣ. ಕಪ್ಪಗೆ ಹೊಳೆಯುವುದು ಕಬ್ಬಿಣದ ಅದಿರು, ಕೆಂಪಗಿರುವುದು ಗಟ್ಟಿ ಸಿಲಿಕಾ ಕಲ್ಲು. ಇವು 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಈ ಗುಡ್ಡ ಒಂದು ಕಾಲಕ್ಕೆ ನೀರಿನ ಅಡಿ ಇತ್ತು ಅಂದರೆ ಮಗನಿಗೆ ನಂಬಿಕೆಯೇ ಬರಲಿಲ್ಲ. ಬಹಳ ಹೊತ್ತು ಬೆರಳಿನಿಂದ ಒಂದೊಂದೇ ಗೆರೆ ಎಣಿಸುತ್ತಾ ಕೂತಿದ್ದ.

ಈ ಕಲ್ಲಿಗಾಗಿಯೇ ಅಲ್ವಾ ಇಷ್ಟೆಲ್ಲಾ ಆಗಿದ್ದು. ನಾದಿನಿಯ ಗಂಡ, ನಾವು ಅಣ್ಣ ಅಂತಲೇ ಕರೆಯುವುದು, ಗಣಿಯಲ್ಲಿ ಡಂಪರ್ ಓಡಿಸುತ್ತಾರೆ. ರಾತ್ರಿ ಮಾಳಿಗೆ ಮೇಲೆ ಹಾಸಿಕೊಂಡು ಮಲಗಿದಾಗ ಈ ಮಾತು ಬಂತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೂ ಮೊದಲಿನ ದಿನಗಳಲ್ಲಿ ರಾತ್ರಿ ಹಗಲು ಲಾರಿ ಓಡುತ್ತಿದ್ದವು, ಹೊಲದಲ್ಲಿದ್ದ ಬೆಳೆ ಧೂಳಿಗೆ ಸಿಕ್ಕು ಹೋಯಿತು, ಎಷ್ಟೋ ರೈತರು ಹೊಲವನ್ನೇ ಗಣಿಗೆ ಬಿಟ್ಟರು. ನಿಂತ ಮೇಲೆ ಅಣ್ಣನಿಗೆ ಕೆಲಸ ಇರಲಿಲ್ಲ, ಮನೆ ನಡೆಸಲು ನಾದಿನಿ ಹೊಲಿಗೆ ಹಿಡಿದಳು. ಆಮೇಲೆ ಷರತ್ತು ಹಾಕಿ, ಇಷ್ಟೇ ಅದಿರು ತೆಗೀಬೇಕು ಅಂತ ಮಿತಿ ಹಾಕಿ ಮತ್ತೆ ಶುರು ಮಾಡಿದರು. "ಕೆಲಸ ಬೇಕು ತಂಗೀ. ಗುಡ್ಡಾನೂ ಬೇಕು" ಅಂದರು ಅಣ್ಣ. "ಗುಡ್ಡ ಮುಗಿದ ಮ್ಯಾಲೆ ಈ ಹಳ್ಳಕ್ಕ ನೀರು ಎಲ್ಲಿಂದ ಬರಬೇಕು?" ಗಣಿಯಲ್ಲಿ ದುಡಿಯುವವರ ಬಾಯಲ್ಲಿ ಈ ಮಾತು ಕೇಳಿದ ಮೇಲೆ ನನಗೆ ಅದನ್ನು ಬಿಟ್ಟು ಬೇರೆ ಯೋಚನೆ ಬರಲಿಲ್ಲ. ಮಳೆ ನೀರನ್ನು ಹಿಡಿದು, ಕಾಡಿನ ಬೇರಲ್ಲಿ ಇಟ್ಟುಕೊಂಡು, ನಿಧಾನಕ್ಕೆ ಹಳ್ಳಕ್ಕೆ ಬಿಡುವುದು ಈ ಗುಡ್ಡವೇ. ಮೇಲಿನ ಮರ ಹೋದರೆ ನೀರು ಒಂದೇ ಸಲಕ್ಕೆ ಮಣ್ಣು ಹೊತ್ತುಕೊಂಡು ಇಳಿದು ಡ್ಯಾಮಿಗೆ ಬೀಳುತ್ತದೆ. ಹರಿಗೋಲಿನ ಅಜ್ಜ ಹೇಳಿದ ರಾಡಿ ಅದೇ.

ಕುಮಾರಸ್ವಾಮಿ ಬೆಟ್ಟಕ್ಕೆ ಹೋದಾಗ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಊರಿನಿಂದ ಕಾಡಿನ ನಡುವೆ ತಿರುವು ತಿರುವಾದ ರಸ್ತೆ. ನಡುವೆ ಒಂದು ಮಳೆ ಬಂದಿದ್ದರಿಂದ ಕಾಡು ಚಿಗುರಿತ್ತು, ಎಳೆ ಎಲೆಗಳು ಇನ್ನೂ ಕೆಂಪು ಕೆಂಪಾಗಿದ್ದವು, ಮಗಳು ಇದು ಧೂಳಾ ಚಿಗುರಾ ಅಂತ ಮುಟ್ಟಿ ಮುಟ್ಟಿ ನೋಡಿದಳು. ಮೇಲೆ ಪಾರ್ವತಿ ಗುಡಿ, ಕುಮಾರಸ್ವಾಮಿ ಗುಡಿ, ಎರಡೂ ಚಾಲುಕ್ಯರು, ರಾಷ್ಟ್ರಕೂಟರ ಕಾಲದವು. ಅತ್ತೆಯವರು ನಿಧಾನಕ್ಕೆ ನಡೆದು ಪಾರ್ವತಿ ಗುಡಿಯ ಮುಂದೆ ಕೂತು, ಹಣ್ಣುಕಾಯಿ ಮಾಡಿಸಿ, ಮೊಮ್ಮಕ್ಕಳಿಗೆಲ್ಲಾ ಕುಂಕುಮ ಹಚ್ಚಿದರು. ಗಣಿಯಲ್ಲಿ ಸಿಡಿಸುವ ಮದ್ದಿನಿಂದ ಈ ಗುಡಿಗಳಿಗೆ ಪೆಟ್ಟು ಬೀಳುತ್ತದೆ ಅಂತ ಇಲ್ಲಿನವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಬೆಟ್ಟದ ಒಂದು ಕಡೆ ನಿಂತರೆ ಕಣ್ಣು ಹೋದಷ್ಟು ದೂರ ಕಾಡು. ಇನ್ನೊಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ. ಎರಡನ್ನೂ ಮಕ್ಕಳಿಗೆ ತೋರಿಸಿದೆವು. ಚೆಂದದ್ದನ್ನು ಮಾತ್ರ ತೋರಿಸಿ ಕರೆದುಕೊಂಡು ಬರಲು ನನಗೆ ಮನಸ್ಸಾಗಲಿಲ್ಲ.

ಬಳ್ಳಾರಿಯ ಸೆಖೆ ತಡೆಯಲಾರದೆ ಸಂಡೂರಿನ ಗುಡ್ಡ ಹತ್ತಿದವರಲ್ಲಿ ನಾವೇ ಮೊದಲಲ್ಲ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಕಂಟೋನ್ಮೆಂಟಿನ ಸೈನಿಕರನ್ನು ಹುಷಾರು ತಪ್ಪಿದಾಗ ರಾಮಗಡಕ್ಕೆ ಕಳಿಸುತ್ತಿದ್ದರು, ಅದು 3,000 ಅಡಿಗಿಂತ ಎತ್ತರದಲ್ಲಿದೆ. ಆಗ ಸಂಡೂರು ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನ, 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ದಲಿತರಿಗೆ ದೇವಸ್ಥಾನದ ಬಾಗಿಲು ತೆರೆದ ಮೊದಲ ಸಂಸ್ಥಾನಗಳಲ್ಲಿ ಇದೂ ಒಂದು. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂತ ಅವರು ಹೇಳಿದ್ದರು ಎಂದು ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ.

ಹೋಗುವವರಿಗೆ ಒಂದೆರಡು ಮಾತು. ತೋರಣಗಲ್ಲು ರಸ್ತೆಯಲ್ಲಿ ಲಾರಿ ಜಾಸ್ತಿ, ಬೆಳಿಗ್ಗೆ ಬೇಗ ಹೊರಡಿ. ಟ್ಯಾಂಕ್ ತುಂಬಿಸಿಕೊಳ್ಳಿ, ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಡ್ಯಾಮಿನಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ, ಈಜು ಬರುವ ದೊಡ್ಡವರೂ ಇಳಿಯುವುದು ಬೇಡ. ಬುತ್ತಿ ಉಂಡ ಮೇಲೆ ಪೇಪರ್ ತಟ್ಟೆ, ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ ಎಲ್ಲಾ ವಾಪಸ್ ಕಟ್ಟಿಕೊಂಡು ಬನ್ನಿ. ಹುಣಸೆಮರದ ಕೆಳಗೆ ಯಾರೋ ಬಿಟ್ಟು ಹೋದ ಬಾಟಲಿಗಳನ್ನು ನಾವು ಒಂದು ಚೀಲದಷ್ಟು ಆರಿಸಿದೆವು, ಅದರಲ್ಲಿ ಒಡೆದ ಗಾಜೂ ಇತ್ತು, ದನ ಮೇಯುವ ಜಾಗ ಅದು. ವಯಸ್ಸಾದವರಿದ್ದರೆ ಬೆಟ್ಟಕ್ಕೆ ಮಧ್ಯಾಹ್ನ ಹೋಗಬೇಡಿ, ಕಲ್ಲು ಕಾದು ಕಾಲು ಸುಡುತ್ತದೆ.

ನಾವಂತೂ ಸೆಪ್ಟೆಂಬರ್‌ಗೆ ಮತ್ತೆ ಹೋಗುತ್ತೇವೆ. ಡ್ಯಾಮ್ ತುಂಬಿರುತ್ತದೆ, ಅಜ್ಜ ಹರಿಗೋಲಿನಲ್ಲಿ ದಡದ ಹತ್ತಿರ ಒಂದು ಸುತ್ತು ಹಾಕಿಸುತ್ತೇನೆ ಅಂದಿದ್ದಾರೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ತಂದರೆ ಮಾತ್ರ ಅಂತ ನಮ್ಮ ಮನೆಯವರು ಷರತ್ತು ಹಾಕಿದ್ದಾರೆ, ಈಗ ಅದನ್ನು ಬಳ್ಳಾರಿಯಲ್ಲಿ ಎಲ್ಲಿ ಮಾರುತ್ತಾರೆ ಅಂತ ಹುಡುಕುತ್ತಿದ್ದೇವೆ.