ಹಳೆಯ ಡಯಲ್ ಫೋನಿನ ದುರಸ್ತಿ: ಮೂರನೆಯ ವಾರ

ಎರಡು ವಾರ ಹೊರಮೈ ಉಜ್ಜುವುದರಲ್ಲೇ ಕಳೆದ ಮೇಲೆ, ಈ ವಾರ ಕಪ್ಪು ಬೇಕಲೈಟ್ ಫೋನಿನ ಡಯಲನ್ನು ಬಿಚ್ಚಿದೆ. ತಳದಲ್ಲಿ ಅಗಲವಾಗಿ ಮೇಲಕ್ಕೆ ಕಿರಿದಾಗುತ್ತ ಹೋಗಿ, ನೆತ್ತಿಯ ಮೇಲೆ ರಿಸೀವರನ್ನು ಅಡ್ಡಲಾಗಿ ಹೊತ್ತುಕೊಳ್ಳುವ ಇದರ ಆಕಾರವು 1930ರ ದಶಕದ ಆರಂಭದಲ್ಲಿ ನಾರ್ವೆಯ ಕಲಾವಿದ ಜೀನ್ ಹೈಬರ್ಗ್ ಎರಿಕ್ಸನ್ ಕಂಪನಿಗಾಗಿ ರೂಪಿಸಿದ ಮಾದರಿಯ ವಂಶಕ್ಕೆ ಸೇರಿದ್ದು. ಅದಕ್ಕೂ ಮೊದಲಿನ ಎಷ್ಟೋ ಮೇಜಿನ ಫೋನುಗಳಿಗೆ ಗಂಟೆಯು ಬೇರೆ ಪೆಟ್ಟಿಗೆಯಲ್ಲಿರುತ್ತಿತ್ತು. ಇದರಲ್ಲಿ ಎಲ್ಲವೂ ಒಂದೇ ಹೊಟ್ಟೆಯೊಳಗಿದೆ.

ಡಯಲ್ ಸಂಖ್ಯೆಯನ್ನು ಕಳಿಸುವುದು ನಾವು ಅದನ್ನು ತಿರುಗಿಸುವಾಗ ಅಲ್ಲ, ಬೆರಳು ತೆಗೆದ ಮೇಲೆ ಅದು ತಾನಾಗಿ ಹಿಂದಿರುಗುವಾಗ. ಮರಳುವ ಚಕ್ರವು ತಂತಿಯಲ್ಲಿನ ವಿದ್ಯುತ್ತನ್ನು ಅಂಕಿಗೆ ತಕ್ಕಷ್ಟು ಬಾರಿ ಕಡಿದು ಕೂಡಿಸುತ್ತದೆ: ಮೂರಕ್ಕೆ ಮೂರು ಮಿಡಿತ, ಸೊನ್ನೆಗೆ ಹತ್ತು. (ಸ್ವೀಡನ್ನಿನಲ್ಲಿ ಮಾತ್ರ ಸೊನ್ನೆಗೆ ಒಂದೇ ಮಿಡಿತ, ನ್ಯೂಜಿಲೆಂಡಿನ ಡಯಲಿನಲ್ಲಂತೂ ಅಂಕಿಗಳ ಕ್ರಮವೇ ತಿರುವುಮುರುವು.) ಅವಸರದವನ ಬೆರಳಾಗಲಿ ನಿಧಾನಿಯ ಬೆರಳಾಗಲಿ, ಎಕ್ಸ್‌ಚೇಂಜಿಗೆ ತಲುಪುವ ವೇಗ ಒಂದೇ, ಸೆಕೆಂಡಿಗೆ ಸುಮಾರು ಹತ್ತು ಮಿಡಿತ. ಮನುಷ್ಯನ ಕೈಯನ್ನು ನಂಬದೆ ಸ್ಪ್ರಿಂಗನ್ನು ನಂಬಿದ ಈ ಉಪಾಯವೇ ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುತ್ತದೆ.

ನನ್ನ ಡಯಲ್ ಮಾತ್ರ ಎಳೆದಾಡುತ್ತಿತ್ತು. ಅದರ ಸಂಪರ್ಕಗಳಿಗೆ ಸಣ್ಣ ಬ್ಯಾಟರಿ ಸೇರಿಸಿ, ಮಿಡಿತಗಳನ್ನು ಕಂಪ್ಯೂಟರಿನಲ್ಲಿ ಧ್ವನಿಯಾಗಿ ದಾಖಲಿಸಿ ನೋಡಿದಾಗ, ಸೊನ್ನೆಯ ಮೊದಲ ಮಿಡಿತದ ಆರಂಭದಿಂದ ಹತ್ತನೆಯದರ ಆರಂಭಕ್ಕೆ 1.15 ಸೆಕೆಂಡು ಹಿಡಿಯಿತು. ಹತ್ತನ್ನು ಅದರಿಂದ ಭಾಗಿಸಿ 8.7 ಎಂದು ಸಮಾಧಾನಪಟ್ಟುಕೊಂಡಿದ್ದೆ. ನಡುವಿನ ಅಂತರಗಳು ಒಂಬತ್ತೇ ಎಂಬುದು ಹೊಳೆದದ್ದು ಮರುದಿನ. ನಿಜವಾದ ವೇಗ 7.8 ಮಾತ್ರ.

ದೋಷವಿದ್ದದ್ದು ಗವರ್ನರಿನಲ್ಲಿ. ವೇಗ ಹೆಚ್ಚಿದಂತೆ ಅದರ ಪುಟ್ಟ ತೂಕಗಳು ಹೊರಕ್ಕೆ ಚಾಚಿ, ಬಟ್ಟಲಿನ ಒಳಗೋಡೆಗೆ ಉಜ್ಜಿ ಚಕ್ರವನ್ನು ತಡೆಯುತ್ತವೆ. ಅಲ್ಲಿ ಹಳೆಯ ಎಣ್ಣೆ ಅಂಟಾಗಿ ಗಟ್ಟಿಕಟ್ಟಿತ್ತು. ಸ್ಪ್ರಿಂಗನ್ನು ಬಗ್ಗಿಸುವ ಆಸೆಯನ್ನು ಅದುಮಿಕೊಂಡು, ಸ್ಪಿರಿಟ್ಟಿನಲ್ಲಿ ತೊಳೆದು, ಅಚ್ಚಿನ ಎರಡು ತುದಿಗಳಿಗೆ ಮಾತ್ರ ಸೂಜಿಮೊನೆಯಷ್ಟು ಗಡಿಯಾರದ ಎಣ್ಣೆ ಮುಟ್ಟಿಸಿದೆ. ಈಗ 0.92 ಸೆಕೆಂಡು, ಅಂದರೆ 9.8.

ಮೈಕಿನ ಇಂಗಾಲದ ಹರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು; ಅಂಗೈಗೆ ಮೆಲ್ಲಗೆ ತಟ್ಟಿದಾಗ ಸಡಿಲವಾದವು. ಗಂಟೆಯ ಸುರುಳಿ ಹರಿದಿಲ್ಲ, ಆದರೆ ಅದನ್ನು ಬಾರಿಸಲು ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತು ಬೇಕು. ಅದನ್ನೊದಗಿಸುವ ಮಂಡಲ ಸಿದ್ಧವಾಗುವ ತನಕ ಮುಚ್ಚಳದ ತಿರುಪುಗಳು ಡಬ್ಬಿಯಲ್ಲೇ ಇರುತ್ತವೆ.